ಖ ಎಂದು ಶುರುವಾದ ಮಾತು

ಏಳು ದಾಳಗಳ ಒಂದು ಸೆಟ್ಟಿಗೆ ಮೂವತ್ತೈದು ರಿಯಾಲ್. ಅದನ್ನು ಹಾಕಿಡುವ ಮಕಮಲ್ಲಿನ ಚೀಲಕ್ಕೆ ಬೇರೆ ಹದಿನೈದು. ಆಟದ ನಿಯಮಗಳ ದಪ್ಪ ಪುಸ್ತಕಕ್ಕೆ ಇನ್ನೂರರ ಮೇಲೆ. ಅದನ್ನು ಮಕ್ಕಳು ಪಾಲು ಹಾಕಿ ತೆಗೆದುಕೊಂಡಿದ್ದರು. ಕತಾರಿನ ಹಮದ್ ಬಂದರಿನ ಗೇಟಿನ ಮುಂದೆ, ಟ್ರೇಲರುಗಳ ಸಾಲಿನ ಬಾಲದಲ್ಲಿ ಕಾರು ನಿಲ್ಲಿಸಿಕೊಂಡು ಸಲಾಂ ಈ ಲೆಕ್ಕವನ್ನು ಮತ್ತೊಮ್ಮೆ ಹಾಕಿದ. ಬಂದರಿನಿಂದ ಸರಕು ಬಿಡಿಸುವ ಕೆಲಸದಲ್ಲಿ ತಲೆ ನರೆತವನಿಗೆ ಯಾವ ವಸ್ತುವನ್ನು ಕಂಡರೂ ಮೊದಲು ತೋಚುವುದು ಅದರ ಬೆಲೆ, ಆಮೇಲೆ ಅದು ಕಾಗದದಲ್ಲಿ ಯಾವ ಹೆಸರಿನಿಂದ ಬರುತ್ತದೆ ಎಂಬುದು. ದಾಳ ಆಟಿಕೆಯ ಹೆಸರಿನಲ್ಲಿ ಬರುತ್ತದೆ. ಸುಂಕ ಹೆಚ್ಚಿಲ್ಲ. ಬಾಯಿಂದ ಬಿದ್ದ ಮಾತಿಗೆ ಮಾತ್ರ ಯಾವ ಬಂದರಿನಲ್ಲೂ ಬೆಲೆ ಕಟ್ಟುವವರಿಲ್ಲ. ನಿನ್ನೆ ಸಂಜೆ ಅವನ ಬಾಯಿಂದ ಬಿದ್ದದ್ದು ಒಂದೇ ವಾಕ್ಯ. ಆ ಒಂದು ವಾಕ್ಯದಲ್ಲಿ ಮಗಳನ್ನೇ ಕೊಟ್ಟುಬಿಟ್ಟೆನೋ ಏನೋ ಎಂಬುದು ಅವನಿಗೆ ಇನ್ನೂ ತಿಳಿದಿರಲಿಲ್ಲ.

ನಿನ್ನೆ ಶುಕ್ರವಾರ. ಇಳಿಹೊತ್ತಿನ ಅಸರ್ ನಮಾಜು ಮುಗಿದ ಮೇಲೆ ಅಲ್ ವಕ್ರಾದ ಅವನ ಫ್ಲ್ಯಾಟಿನಲ್ಲಿ ಊಟದ ಮೇಜಿನ ಸುತ್ತ ಮಕ್ಕಳು ಕೂತಿದ್ದರು. ಮಕ್ಕಳು ಎನ್ನುವುದು ಅವನ ರೂಢಿಯ ಮಾತು. ಮಗಳು ಶಮ್ನಾಳಿಗೆ ಇಪ್ಪತ್ತೊಂದು ತುಂಬಿತ್ತು, ಮಗ ಸಫ್ವಾನ್ ಕಾಲೇಜು ಸೇರಿದ್ದ. ಕಥೆ ಹೇಳಿ ಆಟ ನಡೆಸುವವಳು ಗ್ರೀಷ್ಮಾ, ಬಂದರಿನಲ್ಲಿ ಅವನ ಜೊತೆ ಕೆಲಸ ಮಾಡುವ ಗಿರಿಯಪ್ಪನ ಮಗಳು. ನಾಲ್ಕನೆಯವನು ಜಾಬಿರ್, ವಿಟ್ಲದ ಕಡೆಯ ಬ್ಯಾರಿಗಳ ಹುಡುಗ, ರಾಸ್ ಲಫಾನಿನ ಗ್ಯಾಸ್ ಸ್ಥಾವರದಲ್ಲಿ ಪಾಳಿ ಕೆಲಸದ ಎಂಜಿನಿಯರ್. ರಜೆ ಸಿಕ್ಕ ಶುಕ್ರವಾರ ಅಷ್ಟು ದೂರದಿಂದ ಕಾರು ಓಡಿಸಿಕೊಂಡು ಬರುವವನು. ಹಾಸಿದ ಬೋರ್ಡಿಲ್ಲ, ನಡೆಸುವ ಕಾಯಿಗಳಿಲ್ಲ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡಬೇಕು, ಮಾಡಿದ ಕೆಲಸ ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳಬೇಕು. ಶಮ್ನಾ ವೇಷ ಮರೆಸಿಕೊಂಡು ನಾವಿಕರ ಜೊತೆ ತಿರುಗುವ ರಾಜನ ಮಗಳು. ಜಾಬಿರ್ ಆ ನಾವಿಕರ ಮುಖಂಡ. ಕಡಲ್ಗಳ್ಳರ ಕೈಯಿಂದ ಹಡಗು ಬಿಡಿಸಿಕೊಂಡು ಅರಮನೆಗೆ ಬಂದವನಿಗೆ ಇನಾಮು ಕೊಡಲು ರಾಜನೊಬ್ಬ ಬೇಕಾದಾಗ ಗ್ರೀಷ್ಮಾ ತಲೆಯೆತ್ತಿ, ಮೂಲೆಯ ಕುರ್ಚಿಯಲ್ಲಿ ಕಾವಲುಗಾರನ ಹಾಗೆ ಕೂತಿದ್ದ ಸಲಾಮನನ್ನು ನೋಡಿ, ಅಂಕಲ್ ನೀವು ರಾಜ ಆಗಿ ಅಂದಳು.

ಅವನು ಬೇಡ ಎನ್ನಬೇಕಿತ್ತು. ಬೇಡ ಎಂದೇ ಬಾಯಿ ತೆರೆದದ್ದು. ಅಷ್ಟರಲ್ಲಿ ಶಮ್ನಾ ತನ್ನ ಪಕ್ಕದ ಕುರ್ಚಿಯನ್ನು ಕಾಲಿನಿಂದ ಹೊರಗೆ ತಳ್ಳಿದಳು. ಆ ಒಂದು ತಳ್ಳುವಿಕೆ. ಬುದ್ಧಿ ಬಂದ ಮೇಲೆ ಈ ಹುಡುಗಿ ಅವನ ಎದುರು ಬಂದು ನಿಂತಿದ್ದರೆ ಅದು ಯಾವುದಾದರೂ ಒಪ್ಪಿಗೆಗಾಗಿಯೇ: ಹೋಗಲಾ, ಬರಲಾ, ಗೆಳತಿಯ ಮನೆಯಲ್ಲಿ ಇರಲಾ. ತನ್ನ ಪಕ್ಕ ಬಂದು ಕೂರು ಎಂದು ಕರೆದದ್ದು ಅವನಿಗೆ ನೆನಪಿಲ್ಲ. ಅವನು ಎದ್ದು ಹೋಗಿ ಕೂತ. ರಾಜನ ಮಾತನ್ನು ಪ್ರಜೆಗಳು ನಂಬುತ್ತಾರೋ ಇಲ್ಲವೋ ನೋಡಬೇಕು, ದಾಳ ಹಾಕಿ ಅಂದರು. ಮಗಳು ಅವನ ಅಂಗೈಯಲ್ಲಿ ದಾಳ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿ, ಹೀಗೆ ಅಲ್ಲಾಡಿಸಿ ಬಿಡಿ ಎಂದು ತೋರಿಸಿದಳು. ಇಪ್ಪತ್ತು ಬಿತ್ತು. ಮೇಜು ಕುಟ್ಟಿ ನಾಲ್ವರೂ ಕೂಗಿದರು. ಅಡುಗೆಮನೆಯಿಂದ ಬಾಳೆಹಣ್ಣಿನ ಪೋಡಿಯ ತಟ್ಟೆ ಹಿಡಿದು ಬಂದ ಝಾಹಿದಾ ಗಂಡನ ಮುಖವನ್ನು, ಬೇರೆ ಯಾರದೋ ಮುಖ ನೋಡುವಂತೆ ನೋಡಿ ನಿಂತಳು. ಆ ಗಳಿಗೆಯ ಸುಖವನ್ನು ನೆನೆದು ಸಲಾಮನಿಗೆ ಈಗ, ಸ್ಟಿಯರಿಂಗ್ ಹಿಡಿದ ಕೈಯನ್ನು ಎಲ್ಲಾದರೂ ಒರೆಸಿಕೊಳ್ಳಬೇಕು ಎನ್ನಿಸಿತು. ಬೆಳಿಗ್ಗೆ ನಮಾಜಿಗೆ ಮುಂಚೆ ವುಳೂ ಮಾಡುವಾಗ ಬಲಗೈಯನ್ನು ಲೆಕ್ಕಕ್ಕಿಂತ ಹೆಚ್ಚು ಸಲ ತೊಳೆದಿದ್ದ. ದಾಳ ಹಿಡಿದ ಕೈ ಹಂದಿಯ ರಕ್ತದಲ್ಲಿ ಅದ್ದಿದ ಕೈಯ ಹಾಗೆ ಎಂದು ಊರಿನ ಮದ್ರಸದಲ್ಲಿ ಹೇಳಿಕೊಟ್ಟದ್ದು ಅವನಿಗೆ ಮರೆತಿರಲಿಲ್ಲ. ಬೇರೆಯವರಿಗೆ ಅದನ್ನು ಮರೆಯಲು ಬಿಟ್ಟವನೂ ಅಲ್ಲ.

ಯಾಕೆಂದರೆ ಈ ಆಟವನ್ನು ಸಂಘದ ಹಾಲಿನಿಂದ ಹೊರಗೆ ಹಾಕಿಸಿದವನು ಅವನೇ. ಊರಿನವರ ಸಂಘದ ಹಾಲಿನಲ್ಲಿ ಮಕ್ಕಳು ವಾರವಾರ ಸೇರಿ ಆಡುತ್ತಿದ್ದರು. ಯಾರೋ ಕಳಿಸಿದ ಧ್ವನಿಸಂದೇಶವೊಂದು ಎಲ್ಲರ ಫೋನಿಗೂ ಬಂತು: ಮಂತ್ರ ಹಾಕುತ್ತಾರಂತೆ, ಜಿನ್ನುಗಳನ್ನು ಹೆಸರು ಹಿಡಿದು ಕರೆಯುತ್ತಾರಂತೆ, ಇಲ್ಲದ ದೇವರುಗಳಿಗೆ ಹರಕೆ ಹೇಳುತ್ತಾರಂತೆ. ಉಳಿದವರು ಗೊಣಗಿದ್ದಷ್ಟೆ. ಸಲಾಂ ಸಭೆಯಲ್ಲಿ ಎದ್ದು ನಿಂತು ಮಾತಾಡಿದ. ಆಟಕ್ಕೆ ಹೇಳಿದ್ದು ಎಂದು ತಪ್ಪಿಸಿಕೊಳ್ಳಲು ಆಗುವುದಿಲ್ಲ, ಬಾಯಿಂದ ಹೊರಗೆ ಬಂದದ್ದಕ್ಕೆಲ್ಲ ಲೆಕ್ಕ ಉಂಟು, ನಾಲಿಗೆಗೆ ವೇಷ ಇಲ್ಲ ಅಂದ. ನಾಲಿಗೆಗೆ ವೇಷ ಇಲ್ಲ ಎಂದಾಗ ಹಿಂದಿನ ಸಾಲಿನ ಹಿರಿಯರು ತಲೆದೂಗಿದರು. ಆ ಮಾತು ಚೆನ್ನಾಗಿ ಬಂತು ಎಂದು ಅವನಿಗೂ ಅನ್ನಿಸಿತ್ತು. ಮನೆಗೆ ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಶಮ್ನಾ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಅತ್ತಳೋ ಇಲ್ಲವೋ ಅವನು ನೋಡಲಿಲ್ಲ. ಮಾರನೆಯ ವಾರ ಬಂದು ಹೇಳಿದಳು: ಉಪ್ಪಾ, ನೀವು ನೋಡದೆ ಹೇಳಿದ್ರಿ. ಒಂದು ಸಲ ಕೂತು ನೋಡಿ. ನೋಡಿದ ಮೇಲೂ ಹರಾಮು ಅಂದ್ರೆ ದಾಳ ನಿಮ್ಮ ಕೈಯಲ್ಲೇ ಕೊಡ್ತೇನೆ. ನ್ಯಾಯವಾದ ಮಾತು. ಕಂಟೇನರಿನ ಬೀಗ ತೆಗೆಯದೆ ಸರಕಿಗೆ ತಪ್ಪು ಹೇಳುವ ಅಧಿಕಾರಿಯನ್ನು ಅವನು ಎಷ್ಟು ಸಲ ಬೈದುಕೊಂಡಿಲ್ಲ? ಆದ್ದರಿಂದ ನಿನ್ನೆ ಕೂತ. ಕೂತು, ಇಪ್ಪತ್ತು ಹಾಕಿ, ರಾಜನಾಗಿ ಎದ್ದು ನಿಂತ.

ಇನಾಮು ಏನು ಬೇಕಾದರೂ ಕೊಡಬಹುದಿತ್ತು. ಹಡಗು ಕೊಡಬಹುದಿತ್ತು, ಚಿನ್ನ ಕೊಡಬಹುದಿತ್ತು. ಆದರೆ ಚಿಕ್ಕಂದಿನಿಂದ ಕೇಳಿದ ಕಥೆಗಳಲ್ಲೆಲ್ಲ ರಾಜರು ಕೊಡುವುದು ಒಂದನ್ನೇ, ಅರ್ಧ ರಾಜ್ಯ ಮತ್ತು ಮಗಳು. ಮಕ್ಕಳ ಆಟವೆಲ್ಲ ಇಂಗ್ಲಿಷಿನಲ್ಲಿ. ಅವನಿಗೆ ರಾಜನ ಮಾತು ಇಂಗ್ಲಿಷಿನಲ್ಲಿ ಹೊರಡಲಿಲ್ಲ. ಬ್ಯಾರಿಯಲ್ಲಿ ಹೊರಟಿತು. ರಾಜಕುಮಾರಿಗೆ ಮಕ್ಕಳು ಇಟ್ಟ ಹೆಸರು, ನಾಲಿಗೆ ಹೊರಳದ ಎಂಥದೋ ಒಂದು, ತಲೆಯಲ್ಲಿ ನಿಂತಿರಲಿಲ್ಲ. ಕೈ ಮುಂದೆ ಚಾಚಿ, ಗಂಟಲು ಸರಿಮಾಡಿಕೊಂಡು ಅವನು ಹೇಳಿದ: ನನ್ನ ಮಗಳು ಶಮ್ನಾಳನ್ನು ನಿನಗೆ ನಾನು ನಿಕಾಹ್ ಮಾಡಿ ಕೊಟ್ಟೆ. ಒಂದಕ್ಷರ ತಡವರಿಸಲಿಲ್ಲ. ತಡವರಿಸುವುದು ಹೇಗೆ? ಊರಿನಿಂದ ಸಂಬಂಧಗಳ ಮಾತು ಬರತೊಡಗಿದಂದಿನಿಂದ ಇದೇ ವಾಕ್ಯವನ್ನು ಕಾರು ಓಡಿಸುವಾಗ, ಗಡ್ಡ ತಿದ್ದುವಾಗ ಅವನು ಒಳಗೊಳಗೇ ಹೇಳಿ ನೋಡಿಕೊಂಡವನು. ಹೇಳುವ ದಿನ ಗಂಟಲು ಕಟ್ಟಬಾರದಲ್ಲ ಎಂದು. ಮೇಜಿನ ಸುತ್ತ ನಗೆ ಸಿಡಿಯಿತು. ಗ್ರೀಷ್ಮಾ ಬಗ್ಗಿ ನಕ್ಕಳು, ಸಫ್ವಾನ್ ಕುರ್ಚಿಯ ಸಮೇತ ಹಿಂದಕ್ಕೆ ವಾಲಿದ. ಆ ಹೊತ್ತಿಗೇ ಬಂದು ಬಾಗಿಲಲ್ಲಿ ಚಾದ ಲೋಟ ಹಿಡಿದು ನಿಂತಿದ್ದ ಝಾಹಿದಾಳ ಅಣ್ಣನೂ ನಕ್ಕ. ಆ ನಗೆಯ ಅಡಿಯಲ್ಲಿ ಜಾಬಿರ್ ಏನೋ ಹೇಳಿದ. ಖ ಎಂದು ಶುರುವಾದ ಮಾತು. ಮುಂದಿನದು ನಗೆಯಲ್ಲಿ ಮುಳುಗಿ ಹೋಯಿತು.

ಸಲಾಂ ನಗುತ್ತಲೇ ಇದ್ದ, ನಗು ಮುಖದ ಮೇಲೆ ಹಾಗೆಯೇ ಇರುವಾಗ ಹಳೆಯ ಪಾಠವೊಂದು ನೆನಪಿಗೆ ಬಂತು. ಮದುವೆ, ತಲಾಖ್, ಬಿಟ್ಟವಳನ್ನು ಮರಳಿ ಕರೆದುಕೊಳ್ಳುವುದು, ಈ ಮೂರನ್ನು ತಮಾಷೆಗೆ ಆಡಿದರೂ ನಿಜವೇ ಆಗುತ್ತದೆ. ಮದ್ರಸದ ಬೆಂಚಿನಲ್ಲಿ ಕೂತು ಕಲಿತದ್ದು. ಹುಡುಗಿಯ ತಂದೆ ಕೊಟ್ಟೆ ಎನ್ನಬೇಕು, ಅಂದಿದ್ದಾನೆ. ಇಬ್ಬರು ಗಂಡಸರು ಸಾಕ್ಷಿ ಇರಬೇಕು. ಒಬ್ಬ ಕುರ್ಚಿಯಲ್ಲಿ, ಒಬ್ಬ ಬಾಗಿಲಲ್ಲಿ. ಹುಡುಗ ಖಬೂಲ್ ಎನ್ನಬೇಕು. ಒಪ್ಪಿದೆ ಎಂಬ ಅರ್ಥದ ಆ ಮಾತು ಶುರುವಾಗುವುದೂ ಖ ಎಂದೇ.

ಟ್ರೇಲರುಗಳ ಸಾಲು ಅಲುಗಿತು. ಅವನು ಮತ್ತೆ ಜಾಬಿರನಿಗೆ ಫೋನು ಮಾಡಿದ. ಸ್ವಿಚ್ ಆಫ್. ಬೆಳಗಿನ ಪಾಳಿಯವರು ಒಳಗೆ ಹೋಗುವ ಮೊದಲು ಫೋನು ಹೊರಗೇ ಬಿಟ್ಟು ಹೋಗಬೇಕು, ಗ್ಯಾಸಿನ ಜಾಗ, ಅದು ಅವನಿಗೂ ಗೊತ್ತು. ಗೊತ್ತಿದ್ದೂ ಮಾಡಿದ. ಬೆಳಿಗ್ಗೆ ತಿಂಡಿಯ ಹೊತ್ತಿಗೆ ಸಫ್ವಾನನನ್ನು ಕೇಳಬೇಕು ಎಂದುಕೊಂಡಿದ್ದ, ಆದರೆ ಏನೆಂದು ಕೇಳುವುದು? ನಿನ್ನ ಅಕ್ಕನ ಮದುವೆ ಆಯಿತೇನೋ, ನೀನು ಕೇಳಿಸಿಕೊಂಡೆಯಾ ಎಂದೇ? ಶಮ್ನಾ ಎದುರಿಗೇ ಕೂತು ರೊಟ್ಟಿ ಹರಿಯುತ್ತಿದ್ದಳು. ಯಾಕೋ ನಿಧಾನವಾಗಿ ಹರಿಯುತ್ತಿದ್ದಳು. ಎರಡು ಸಲ ಅವನ ಮುಖ ನೋಡಿದಳು. ಅವನು ಎರಡು ಸಲವೂ ಉಪ್ಪಿನಕಾಯಿಯ ಬಾಟಲಿ ತಿರುಗಿಸಿ ಅದರ ಮೇಲಿನ ಚೀಟಿ ಓದಿದ. ಝಾಹಿದಾ, ನಿನ್ನೆ ಎಷ್ಟು ಕಾಲದ ಮೇಲೆ ನಿಮ್ಮ ನಗು ಕೇಳಿತು ಎಂದಾಗ ಕೈ ತೊಳೆಯಲು ಎದ್ದುಹೋದ.

ಆಫೀಸಿನಲ್ಲಿ ಗಿರಿಯಪ್ಪ ಕಾಯುತ್ತಲೇ ಇದ್ದ. ಗ್ರೀಷ್ಮಾ ಮನೆಗೆ ಹೋಗಿ ಎಲ್ಲ ಹೇಳಿದ್ದಾಳೆ ಎಂಬುದು ಅವನು ಕುರ್ಚಿಯಿಂದ ಏಳುವ ಠೀವಿಯಲ್ಲೇ ಗೊತ್ತಾಯಿತು.

"ಬನ್ನಿ ಮಹಾರಾಜರೇ. ಕುದುರೆ ಎಲ್ಲಿ ಕಟ್ಟಿದ್ರಿ? ನೆರಳಲ್ಲಿ ಕಟ್ಟಿದ್ರಾ?"

ಪಕ್ಕದ ಮೇಜಿನ ಮಲಯಾಳಿ ಹುಡುಗರು ತಲೆಯೆತ್ತಿದರು. ಗಿರಿಯಪ್ಪ ಅವರಿಗೂ ಹಿಂದಿಯಲ್ಲಿ ಕಥೆ ಹೇಳಿದ: ಸಭೆಯಲ್ಲಿ ಬೈದವರು ಮನೆಯಲ್ಲಿ ಕಿರೀಟ ಇಟ್ಟರಂತೆ. ಸಲಾಂ ನಕ್ಕ. ಇಂಥ ನಗೆ ಅವನಿಗೆ ಅಭ್ಯಾಸ, ಕಸ್ಟಮ್ಸಿನ ಕೌಂಟರಿನ ಎದುರು ದಿನವೂ ನಗುವ ನಗೆ. ಚಾ ಬಂದ ಮೇಲೆ ಹುಡುಗರು ಅತ್ತ ಹೋದದ್ದು ನೋಡಿ ಅವನು, ಏನೂ ಇಲ್ಲದವನ ಹಾಗೆ, ಗಿರಿಯಪ್ಪನ ಯಕ್ಷಗಾನದ ವಿಷಯ ಎತ್ತಿದ. ವರ್ಷಕ್ಕೊಮ್ಮೆ ತುಳುವರ ಕೂಟದಲ್ಲಿ ಗಿರಿಯಪ್ಪ ವೇಷ ಹಾಕುತ್ತಿದ್ದ. ರಂಗದ ಮೇಲೆ ಮದುವೆ ಗಿದುವೆ ಆಗುವುದುಂಟಾ ಎಂದು ಸಲಾಂ ಕೇಳಿದ.

"ಆಗದೆ ಮತ್ತೆ? ನನಗೇ ಆರೇಳು ಮದುವೆ ಆಗಿದೆ ಮಾರಾಯ್ರೆ. ಎಲ್ಲ ಗಂಡಸರ ಹತ್ತಿರವೇ. ಒಂದರದ್ದೂ ಊಟ ಸರಿ ಇರ್ಲಿಲ್ಲ."

"ಅಲ್ಲ, ಅಲ್ಲಿ ಹೇಳಿದ ಮಾತು ಯಾರದ್ದು? ನಿಮ್ಮದಾ, ವೇಷದ್ದಾ?"

ಗಿರಿಯಪ್ಪ ಚಾ ಊದಿಕೊಂಡು ಯೋಚಿಸಿದ. ತಮಾಷೆಯವನಾದರೂ ವೇಷದ ವಿಷಯಕ್ಕೆ ಬಂದರೆ ಅವನು ತಮಾಷೆ ಮಾಡುವವನಲ್ಲ. "ಮುಖಕ್ಕೆ ಬಣ್ಣ ಉಂಟಾದ್ರೆ ವೇಷದ್ದು. ಬಣ್ಣ ತೆಗೆದು ಚೌಕಿಯಿಂದ ಹೊರಗೆ ಬಂದ ಮೇಲೆ ನನ್ನದು. ಅದು ಬೇರೆ ಬೇರೆ ಇಡ್ಬೇಕು. ಅದಕ್ಕೇ ಅಲ್ವಾ ಬಣ್ಣ ಹಾಕುವುದು." ಆಮೇಲೆ ನಕ್ಕು, "ನಿಮ್ಮ ಮುಖಕ್ಕೆ ಬಣ್ಣ ಇತ್ತಾ?" ಎಂದ.

ಇರಲಿಲ್ಲ. ಮುಖವೂ ಅವನದೇ, ಮೈಮೇಲಿದ್ದ ಬಿಳಿ ಅಂಗಿಯೂ ಜುಮಾ ನಮಾಜಿಗೆ ಹಾಕಿಕೊಂಡದ್ದೇ, ಹೆಸರೂ ಮಗಳದೇ. ಆ ಹುಡುಗ ಅದಕ್ಕೆ ಏನು ಹೇಳಿದನಂತೆ, ಗ್ರೀಷ್ಮಾ ಏನಾದರೂ ಹೇಳಿದಳಾ ಎಂದು ಸಲಾಂ ಕಾಗದ ಜೋಡಿಸುತ್ತ ಕೇಳಿದ. ಅವಳಿಗೆ ನಗೆಯೇ ನಿಲ್ಲಲಿಲ್ಲವಂತೆ, ಅಷ್ಟೊತ್ತಿಗೆ ಬಾಂಗ್ ಆಗಿ ನೀವೆಲ್ಲ ನಮಾಜಿಗೆ ಎದ್ದಿರಂತಲ್ಲ ಎಂದ ಗಿರಿಯಪ್ಪ. ಆಮೇಲೆ ಅವನು ಸ್ವಲ್ಪ ಹೊತ್ತು ಸಲಾಮನ ಕೈಗಳನ್ನು ನೋಡಿದ. ಕಾಗದಗಳ ಅಂಚು ಕೂಡುತ್ತಿರಲಿಲ್ಲ. ಮಹಾರಾಜರೇ ಎಂದು ಕರೆಯುವುದನ್ನು ಅವತ್ತಿನ ಮಟ್ಟಿಗೆ ಬಿಟ್ಟ.

ಮಧ್ಯಾಹ್ನ ತರಕಾರಿಯ ಕಂಟೇನರೊಂದನ್ನು ತಪಾಸಣೆಗೆ ತೆರೆಸಿದರು. ಕಾಗದದಲ್ಲಿ ಬೆಳ್ಳುಳ್ಳಿ, ಒಳಗೆ ಅರ್ಧ ಶುಂಠಿ. ಕಳಿಸಿದವನ ಕೈತಪ್ಪು, ಇಂಥದು ಆಗುತ್ತಲೇ ಇರುತ್ತದೆ. ಸಲಾಂ ಕತಾರಿ ಅಧಿಕಾರಿಯ ಮುಂದೆ ತನ್ನ ಮುರುಕು ಅರಬಿಯಲ್ಲಿ ವಾದಿಸಿದ: ಹೆಸರು ತಪ್ಪಿದೆ, ಮನಸ್ಸಿನಲ್ಲಿ ಮೋಸ ಇಲ್ಲ, ವಸ್ತು ಏನು ಎಂಬುದು ಕಣ್ಣೆದುರಿಗೇ ಇದೆಯಲ್ಲ. ಅಧಿಕಾರಿ ತಾಳ್ಮೆಯ ಮನುಷ್ಯ. ನೀನು ಬರೆದು ಕೊಟ್ಟದ್ದು ಏನೋ ಅದನ್ನೇ ನಾನು ನೋಡುವುದು, ನಿನ್ನ ಮನಸ್ಸನ್ನು ನೋಡುವ ಯಂತ್ರ ನನ್ನ ಹತ್ತಿರ ಮಾಫಿ, ಇಲ್ಲವೇ ಇಲ್ಲ, ಎಂದ. ರಬ್ಬರಿನ ವಾಸನೆಯ ಬಿಸಿಲಿನಲ್ಲಿ, ಶೀತಲ ಪೆಟ್ಟಿಗೆಯ ಬಾಗಿಲಿನಿಂದ ಹೊಗೆಯ ಹಾಗೆ ತಣ್ಣನೆ ಗಾಳಿ ಕಾಲಿಗೆ ತಾಗುತ್ತಿರುವಾಗ ಸಲಾಮನಿಗೆ ತಾನು ಯಾವ ಕಡೆ ನಿಂತು ವಾದಿಸುತ್ತಿದ್ದೇನೆ ಎಂಬುದು ಅರ್ಥವಾಯಿತು. ಆಟದ ಮಾತು ಮಾತೇ ಅಲ್ಲ ಎಂದರೆ ಮಗಳು ಅವನ ಮನೆಯಲ್ಲೇ ಉಳಿಯುತ್ತಾಳೆ. ಆದರೆ ಸಭೆಯಲ್ಲಿ ಅವನು ಎದ್ದು ಹೇಳಿದ್ದು, ಹಿರಿಯರು ತಲೆದೂಗಿದ್ದು, ಮಕ್ಕಳನ್ನು ಹಾಲಿನಿಂದ ಹೊರಗೆ ಹಾಕಿದ್ದು ಎಲ್ಲ ಸುಳ್ಳಾಗುತ್ತದೆ. ಸಭೆಯ ಮಾತು ನಿಜ ಎಂದರೆ ಶಮ್ನಾ ಈಗ ವಿಟ್ಲದ ಹುಡುಗನ ಹೆಂಡತಿ. ಎರಡನ್ನೂ ಉಳಿಸಿಕೊಳ್ಳುವ ದಾರಿ ಅವನಿಗೆ ಕಾಣಲಿಲ್ಲ. ಹುಡುಗ ಕೆಟ್ಟವನೇನಲ್ಲ ಎಂಬ ಯೋಚನೆಯೂ ಬಂತು. ಒಳ್ಳೆಯ ಕೆಲಸ, ನಮಾಜು ಬಿಡುವವನಲ್ಲ, ಮನೆತನ ವಿಚಾರಿಸಬೇಕು. ಆ ಯೋಚನೆ ಬಂದದ್ದಕ್ಕೇ ಅವನಿಗೆ ನಾಚಿಕೆಯಾಯಿತು. ಕದ್ದ ಸರಕಿಗೆ ಕಾಗದ ಮಾಡಿಸಲು ಹೊರಟವನಂತೆ ಅನ್ನಿಸಿತು.

ಅಸರ್ ನಂತರ ಅವನು ಉಸ್ತಾದರ ಕೋಣೆಗೆ ಹೋದ. ವಾರದ ಕೊನೆಗೆ ಊರಿನವರ ಮಕ್ಕಳಿಗೆ ಕುರಾನ್ ಓದಿಸುವ ಉಸ್ತಾದರು, ಮೂರು ಮಂಚಗಳ ಆ ಕೋಣೆಯಲ್ಲಿ ನೆಲದ ಮೇಲೆ ಬಟ್ಟೆ ಹಾಸಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ವಯಸ್ಸಿನಲ್ಲಿ ಸಲಾಮನಿಗಿಂತ ಚಿಕ್ಕವರು. ಸಲಾಂ ಮಂಚದ ತುದಿಯಲ್ಲಿ ಕೂತು, ದುಖಾನ್ ಪಟ್ಟಣದಲ್ಲಿ ಒಬ್ಬ ಪರಿಚಯದವರು ಎಂದು ಶುರು ಮಾಡಿದ. ತೈಲ ಕಂಪನಿಯ ಕ್ವಾರ್ಟರ್ಸಿನಲ್ಲಿ ಇರುವವರು. ಅವರ ಮನೆಯಲ್ಲಿ ಮಕ್ಕಳು ಏನೋ ನಾಟಕದಂಥ ಆಟ ಆಡುವಾಗ ಹೀಗೆ ಹೀಗೆ ಆಯಿತಂತೆ. ಇಸ್ತ್ರಿಪೆಟ್ಟಿಗೆ ಒಂದೇ ಕಡೆ ಸ್ವಲ್ಪ ಹೆಚ್ಚು ಹೊತ್ತು ನಿಂತಿತು. ಉಸ್ತಾದರು ಅದನ್ನು ಎತ್ತಿ ನಿಲ್ಲಿಸಿದರು.

ಯಾವ ಭಾಷೆಯಲ್ಲಿ ಹೇಳಿದ್ದು ಎಂದು ಕೇಳಿದರು. ಬ್ಯಾರಿಯಲ್ಲಂತೆ. ಯಾರ ಹೆಸರು ಹೇಳಿದ್ದು? ಮಗಳದೇ ಅಂತೆ, ಬಾಯಿ ತಪ್ಪಿ. ಸಾಕ್ಷಿ? ಇಬ್ಬರಿದ್ದರಂತೆ, ನಗುತ್ತಿದ್ದರಂತೆ. ಅಂತೆ ಅಂತೆ ಎನ್ನುವಾಗಲೆಲ್ಲ ಸಲಾಮನ ಕಿವಿ ಬಿಸಿಯಾಗುತ್ತಿತ್ತು. ಉಸ್ತಾದರು ಅವನ ಮುಖ ನೋಡದೆ ಅಂಗಿಯ ಕಾಲರನ್ನು ನೋಡುತ್ತ ಇನ್ನೊಂದು ಕೇಳಿದರು.

"ಹುಡುಗಿಯನ್ನು ಕೇಳಿದ್ದಾರಾ?"

"ಆಟದಲ್ಲಿ ಎಂತ ಕೇಳುವುದು ಉಸ್ತಾದ್," ಎಂದ ಸಲಾಂ. ತಂದೆಯೇ ಕೊಡುವಾಗ ಅದು ದೊಡ್ಡ ಪ್ರಶ್ನೆಯಲ್ಲ ಎಂಬಂತೆ ಮುಂದೆ ಹೋಗಿ, ಹುಡುಗನ ಮಾತು ಸರಿಯಾಗಿ ಕೇಳಿಸಲಿಲ್ಲವಂತೆ, ಖ ಎಂದು ಶುರುವಾಯಿತಂತೆ ಎಂದು ಮುಗಿಸಿದ.

ಉಸ್ತಾದರು ಇಸ್ತ್ರಿಯ ವೈರು ಕಿತ್ತರು. ಅವನು ಅಂದುಕೊಂಡಂತೆ ಅವರು ಕಿತಾಬು ತೆಗೆಯಲಿಲ್ಲ, ಗದರಿಸಲಿಲ್ಲ. ಹುಡುಗ ಒಪ್ಪಿದೆ ಎಂದು ಹೇಳದಿದ್ದರೆ ಅಲ್ಲಿಗೆ ಏನೂ ಇಲ್ಲ, ದುಖಾನಿನವರು ಊಟ ಮಾಡಿ ಮಲಗಬಹುದು ಅಂದರು. ಹೇಳಿದ್ದರೆ ತಾನು ಒಬ್ಬನೇ ತೀರ್ಪು ಕೊಡುವುದಿಲ್ಲ, ಊರಿನ ದೊಡ್ಡವರನ್ನು ಕೇಳುವ, ದುಖಾನಿನವರನ್ನು ಕರೆದುಕೊಂಡು ಬನ್ನಿ. ದಾಳದ ಮಾತು ಬೇರೆ. ಅದು ಬೇಡ ಎಂದು ತಾನು ಮೊದಲೂ ಹೇಳಿದ್ದೇನೆ, ಈಗಲೂ ಹೇಳುತ್ತೇನೆ. ಆದರೆ ಮಕ್ಕಳು ಕೂತು ಕಥೆ ಕಟ್ಟುವುದಕ್ಕೆ ಯಾವ ಹೆಸರು ಕೊಡಬೇಕು ಎಂಬುದು ತನಗೆ ಅಷ್ಟು ಬೇಗ ಗೊತ್ತಾಗುವುದಿಲ್ಲ. ಬಾಗಿಲ ತನಕ ಬಂದು ಚಪ್ಪಲಿ ಹಾಕಿಕೊಳ್ಳುತ್ತಿದ್ದ ಸಲಾಮನ ಭುಜ ಮುಟ್ಟಿದರು.

"ದುಖಾನ್ ದೂರ ಅಲ್ವಾ ಸಲಾಂ ಸಾಹೇಬ್ರೇ. ನಿಧಾನ ಹೋಗಿ."

ಅವರಿಗೆ ಗೊತ್ತಾಗಿದೆ. ಕಾರಿನಲ್ಲಿ ಕೂತು ಎಸಿ ಹಾಕದೆ, ಬೆವರುತ್ತ, ಸಲಾಂ ಆ ಕೈ ಇಟ್ಟ ಭುಜವನ್ನು ಒಮ್ಮೆ ಮುಟ್ಟಿಕೊಂಡ. ಸಭೆಯಲ್ಲಿ ಅವನ ಪಕ್ಕದಲ್ಲೇ ಕೂತಿದ್ದರು ಈ ಉಸ್ತಾದರು. ನಾಲಿಗೆಗೆ ವೇಷ ಇಲ್ಲ ಎಂದಾಗ ತಲೆದೂಗಿದವರಲ್ಲಿ ಇವರಿದ್ದರೋ? ನೆನಪು ಮಾಡಿಕೊಂಡರೆ, ಇರಲಿಲ್ಲ. ನೆಲ ನೋಡುತ್ತಿದ್ದರು. ಅಂದೇ ಅದನ್ನು ಕಂಡಿದ್ದ, ಕಂಡದ್ದಕ್ಕೆ ಬೆಲೆ ಕೊಟ್ಟಿರಲಿಲ್ಲ. ಕಿಟಕಿಯ ಹೊರಗೆ ಸಂಜೆಯ ಬಾಂಗಿನ ಮೊದಲಿನ ಬೆಳಕು ಕಟ್ಟಡಗಳ ಮೇಲೆ ಧೂಳಿನ ಬಣ್ಣಕ್ಕೆ ತಿರುಗಿತ್ತು. ಫೋನು ಸೀಟಿನ ಮೇಲೆ ಗುರ್ರೆಂದಿತು. ಜಾಬಿರ್. ಇಷ್ಟೊಂದು ಮಿಸ್ಡ್ ಕಾಲ್ ನೋಡಿ ಹುಡುಗ ಹೆದರಿದ್ದ; ಸಫ್ವಾನನಿಗೆ ಏನಾದರೂ ಆಯಿತಾ, ಕಾರು ಗೀರು ತಾಗಿತಾ ಎಂದ. ಸಲಾಂ ಗಂಟಲು ಸರಿಮಾಡಿಕೊಂಡ. ನಿನ್ನೆ ರಾಜನಾಗುವ ಮೊದಲು ಮಾಡಿಕೊಂಡದ್ದೂ ಹೀಗೆಯೇ.

"ಏನಿಲ್ಲ ಮೋನೇ. ನಿನ್ನೆ, ಆಟದಲ್ಲಿ, ನಾನು ಅದು ಹೇಳಿದ ಮೇಲೆ ನೀನು ಎಂತ ಹೇಳಿದೆ?"

ಆ ಕಡೆ ಬಸ್ಸಿನ ಸದ್ದು, ಪಾಳಿ ಮುಗಿಸಿದವರ ಗದ್ದಲ.

"ಖಲಾಸ್ ಅಂದೆ ಸಲಾಂ ಕಾಕ. ಖಲಾಸ್, ಆಟ ನಿಲ್ಸುವ ಅಂತ. ನೀವು ಶಮ್ನಾ ಅಂತ ಹೇಳಿದ್ರಲ್ಲ. ಆ ಮೂರು ಮಾತಿನದ್ದು ನಮ್ಮ ಮದ್ರಸದಲ್ಲೂ ಹೇಳ್ಕೊಟ್ಟಿದ್ರು. ನನಗೆ ಹೆದರಿಕೆ ಆಯ್ತು."

ಖಲಾಸ್. ಮುಗಿಯಿತು, ಸಾಕು, ಬಿಡು. ಬಂದರಿನಲ್ಲಿ ಕ್ರೇನಿನವನೂ ಚಾದವನೂ ಟ್ಯಾಕ್ಸಿಯವನೂ ದಿನಕ್ಕೆ ನೂರು ಸಲ ಹೇಳುವ ಮಾತು. ಅವನೇ ಹೇಳುವ ಮಾತು. ಅದು ಅವನಿಗೆ ಯಾಕೆ ಹೊಳೆಯಲಿಲ್ಲ? ಅಲ್ಹಮ್ದುಲಿಲ್ಲಾ ಎಂದ, ದನಿ ಒಡೆಯಿತು, ಕೆಮ್ಮಿದ ಹಾಗೆ ಮಾಡಿದ. ಹುಡುಗನಿಗೆ ಏನಾದರೂ ಒಳ್ಳೆಯದು ಹೇಳಬೇಕು ಎಂದು ಹುಡುಕಿ, ನೀನು ಬುದ್ಧಿವಂತ ಅಂದ. ಫೋನು ಇಡುವ ಮೊದಲು ಜಾಬಿರ್, ನಿಮಗೆ ಶಮ್ನಾ ಹೇಳಲಿಲ್ಲವಾ ಎಂದು ಕೇಳಿದ. ಅವಳು ನಿನ್ನೆಯೇ ಮೆಸೇಜು ಮಾಡಿ ಕೇಳಿದ್ದಳಂತೆ, ನೀನು ಹೇಳಿದ್ದು ಖಲಾಸ್ ತಾನೇ ಎಂದು.

ಮನೆಗೆ ಹೋಗುವ ದಾರಿಯಲ್ಲಿ ಅವನು ಹಣ್ಣಿನಂಗಡಿಯ ಮುಂದೆ ನಿಲ್ಲಿಸಿ ಶಮ್ನಾಳಿಗೆ ಇಷ್ಟವಾದ ಹಳದಿ ಖರ್ಜೂರ ತೆಗೆದುಕೊಂಡ. ಗೊಂಚಲು ಇನ್ನೂ ಹಸಿಯಾಗಿತ್ತು. ಹಗುರಾಗಿದ್ದ, ಆದರೂ ಹಗುರದ ಅಡಿಯಲ್ಲಿ ಚಪ್ಪಲಿಯೊಳಗಿನ ಮರಳಿನಂತೆ ಒಂದು ಒತ್ತುತ್ತಿತ್ತು. ಅವಳಿಗೂ ಕೇಳಿಸಿತ್ತು. ಅವಳೂ ಅದೇ ಹೆದರಿಕೆಯಲ್ಲಿ ಇದ್ದಳು. ರೊಟ್ಟಿ ಅಷ್ಟು ನಿಧಾನವಾಗಿ ಹರಿದದ್ದು ಅದಕ್ಕೇ ಇರಬೇಕು ಎಂದುಕೊಂಡ.

ಶಮ್ನಾ ಊಟದ ಮೇಜಿನ ಹತ್ತಿರವೇ ಇದ್ದಳು, ಲ್ಯಾಪ್‌ಟಾಪು ತೆರೆದುಕೊಂಡು. ಝಾಹಿದಾ ನಮಾಜಿನ ಕೋಣೆಯಲ್ಲಿದ್ದಳು. ಸಲಾಂ ಖರ್ಜೂರ ಮೇಜಿನ ಮೇಲಿಟ್ಟು, ಒಳ್ಳೆಯ ಸುದ್ದಿ ತಂದವನ ದನಿಯಲ್ಲಿ, ಜಾಬಿರನಿಗೆ ಫೋನು ಮಾಡಿದ್ದೆ ಎಂದ. ಏನೂ ಆಗಲಿಲ್ಲ, ಉಸ್ತಾದರನ್ನೂ ಕೇಳಿದೆ, ಹೆದರಬೇಡ ಎಂದ. ಅವಳು ಲ್ಯಾಪ್‌ಟಾಪಿನ ಮುಚ್ಚಳ ಹಾಕಿದಳು.

"ಬೇರೆ ಯಾರನ್ನು ಕೇಳಿದ್ರಿ?"

ಗಿರಿಯಪ್ಪನ ಹತ್ತಿರ ಸುಮ್ಮನೆ ಮಾತು ಬಂತು ಎಂದ. ಹೇಳುತ್ತಿರುವಾಗಲೇ, ಪಟ್ಟಿಯಲ್ಲಿ ಇನ್ನೊಂದು ಹೆಸರು ಇರಬೇಕಿತ್ತು ಎಂಬುದು ಅವನಿಗೆ ಕಾಣತೊಡಗಿತು. ಬಹಳ ತಡವಾಗಿ ಕಂಡಿತು.

"ಗಿರಿಯಪ್ಪ ಅಂಕಲನ್ನು ಕೇಳಿದ್ರಿ. ಉಸ್ತಾದರನ್ನು ಕೇಳಿದ್ರಿ. ಜಾಬಿರನನ್ನು ಕೇಳಿದ್ರಿ. ನಾನು ಬೆಳಿಗ್ಗೆ ಇಲ್ಲೇ ಕೂತಿದ್ದೆ ಉಪ್ಪಾ, ನಿಮ್ಮ ಎದುರಿಗೆ. ಕೇಳ್ತೀರಿ ಅಂತ ಕಾದೆ."

ಅವಳ ದನಿ ಏರಲಿಲ್ಲ. ಏರಿದ್ದರೆ ಅವನು ಗದರಿಸಬಹುದಿತ್ತು. ಆಟದಲ್ಲಿ ಹೇಳಿದ್ದಲ್ಲವಾ ಮೋಳೇ ಎಂದ ಅವನು, ಅದು ರಾಜ ಹೇಳಿದ್ದು ಎಂದ. ಸಭೆಯಲ್ಲಿ ಎದ್ದು ನಿಂತ ಸಲಾಮನಿಗೆ ಆ ಮಾತನ್ನು ಹೇಳುವ ಹಕ್ಕಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವಳು ಅದನ್ನು ಎತ್ತಿ ಆಡಲಿಲ್ಲ.

"ಆಟದಲ್ಲೂ ರಾಜಕುಮಾರಿಯನ್ನು ಕೇಳ್ಲಿಲ್ಲ. ಇಲ್ಲ ಅಂತ ಹೇಳುವ ಅಂತಿದ್ದೆ, ರಾಜಕುಮಾರಿ ಹೇಳ್ಬಹುದು ಹಾಗೆ, ಆಟದಲ್ಲಿ. ಅಷ್ಟರಲ್ಲಿ ನೀವು ನನ್ನ ಹೆಸರು ಹೇಳಿದ್ರಿ. ಆಮೇಲೆ ಇಲ್ಲ ಅಂತ ಹೇಳ್ಬೇಕಾದವಳು ಅವಳಾ ನಾನಾ, ನನಗೆ ಗೊತ್ತಾಗ್ಲಿಲ್ಲ."

ಹುಡುಗಿಯನ್ನು ಕೇಳಿದ್ದಾರಾ ಎಂದು ಉಸ್ತಾದರು ಕಾಲರು ನೋಡುತ್ತ ಕೇಳಿದ್ದು ಈಗ ಅವನ ಕಿವಿಗೆ ಬಂದು ತಲುಪಿತು. ಇಡೀ ದಿನ ಅವನು ಹೆದರಿದ್ದು ಕೊಟ್ಟುಬಿಟ್ಟೆನೋ ಎಂದು, ಕಾಗದ ಸರಿಯಿತ್ತೋ ಇಲ್ಲವೋ ಎಂದು. ಸರಕಿಗೆ ಬಾಯಿ ಇರುತ್ತದೆ ಎಂದು ಬಂದರಿನಲ್ಲಿ ಯಾರು ಯೋಚಿಸುತ್ತಾರೆ? ತಪ್ಪಾಯಿತು ಎನ್ನಬೇಕು ಎಂದು ಅವನಿಗೆ ಅನ್ನಿಸಿತು. ನಿಕಾಹಿನ ವಾಕ್ಯವನ್ನು ತಡವರಿಸದೆ ಹೇಳಿದ ನಾಲಿಗೆ ಇದಕ್ಕೆ ಹೊರಳಲಿಲ್ಲ. ಇದನ್ನು ಅವನು ಯಾವತ್ತೂ ಹೇಳಿ ನೋಡಿಕೊಂಡಿರಲಿಲ್ಲ. ಖರ್ಜೂರ ತಿನ್ನು ಎಂದ.

ಶಮ್ನಾ ಒಳಗೆ ಹೋಗಿ ಮಕಮಲ್ಲಿನ ಚೀಲ ತಂದಳು. ಮಾತು ಕೊಟ್ಟಿದ್ದೆನಲ್ಲ, ತೆಗೆದುಕೊಳ್ಳಿ ಎಂದು ಅವನ ಅಂಗೈಯಲ್ಲಿ ಇಟ್ಟಳು. ನಿನ್ನೆಯ ಹಾಗೆ ಬೆರಳು ಮಡಚಲಿಲ್ಲ. ಹರಾಮು ಎಂದು ನಾನಿನ್ನೂ ಹೇಳಲಿಲ್ಲವಲ್ಲ ಎಂದು ಸಲಾಂ ಅವಳ ಬೆನ್ನಿಗೆ ಹೇಳಿದ. ನೀವು ಹೇಳುವುದು ಬೇಡ ಎಂದಳು. ಚೀಟಿಯಲ್ಲಿ ನಂಬರು ಬರೆದು ಎತ್ತಿದರೂ ಆಗುತ್ತದೆ ಎಂದು ಜಾಬಿರ್ ಹೇಳಿದ್ದಾನೆ, ಇನ್ನು ಗ್ರೀಷ್ಮಾಳ ಮನೆಯಲ್ಲಿ ಆಡುತ್ತೇವೆ. ಹೋಗಲಾ ಎಂದು ಕೇಳಲಿಲ್ಲ. ಅವನ ಜೀವನದಲ್ಲಿ ಮೊದಲ ಸಲ ಅವಳು ಕೇಳಲಿಲ್ಲ.

ಆ ನಿಕಾಹ್ ಆಗಿರಲಿಲ್ಲ. ಮಗಳು ಅವನ ಮಗಳಾಗಿಯೇ ಉಳಿದಳು. ಸಂಘದವರು ಕೇಳಿದಾಗ, ಮಕ್ಕಳು ದಾಳ ಬಿಟ್ಟಿದ್ದಾರೆ ಎಂದು ಅವನು ಸುಳ್ಳಿಲ್ಲದೆ ಹೇಳಬಹುದಿತ್ತು, ಹೇಳಿದ. ದಾಳ ಸಮೇತ ಐವತ್ತು ರಿಯಾಲಿನ ಚೀಲ ಅವನ ಕಪಾಟಿನಲ್ಲಿದೆ. ಶುಕ್ರವಾರ ಅಸರ್ ಆದ ಮೇಲೆ ಊಟದ ಮೇಜಿನ ಹತ್ತಿರ ಅವನು ಒಬ್ಬನೇ ಕೂತಿರುತ್ತಾನೆ. ಶಮ್ನಾ ಕಾಲಿನಿಂದ ಹೊರಗೆ ತಳ್ಳಿದ ಆ ಕುರ್ಚಿಯಲ್ಲಿ ಅವನು ಕೂತದ್ದು ಒಂದೇ ಸಂಜೆ. ಮತ್ತೆ ಅವಳು ಅವನನ್ನು ಕರೆಯಲಿಲ್ಲ.